ತೆರೆಯದೆ ಹಿಂತಿರುಗಿಸಿದ ಡಬ್ಬ

ಯುದ್ಧ ನಡೆಯುತ್ತಿದ್ದ ಒಂದು ವರ್ಷದ ನನ್ನ ದಿನಚರಿಯಲ್ಲಿ, ಒಂದು ಬುಧವಾರದ ಪುಟದಲ್ಲಿ ಎರಡೇ ಸಾಲುಗಳಿವೆ. "ಬೀರುವಿನ ಬೀಗದ ಕೈ ಯಜಮಾನರಿಗೆ ಕೊಟ್ಟು ಊಟಕ್ಕೆ ಹೋದೆ. ಹೀರೇಕಾಯಿ ಚಟ್ನಿ ಚೆನ್ನಾಗಿತ್ತು." ಚಟ್ನಿಯ ರುಚಿ ಈಗ ನೆನಪಿಲ್ಲ. ಬೀಗದ ಕೈ ಕೊಟ್ಟದ್ದನ್ನು ಮಾತ್ರ ಬರೆಯದಿದ್ದರೂ ಮರೆಯುತ್ತಿರಲಿಲ್ಲ ಎಂದು ಹೇಳಿಕೊಳ್ಳಬೇಕೆನಿಸುತ್ತದೆ. ಅದು ಸುಳ್ಳು. ಬರೆದಿಡದಿದ್ದರೆ ಖಂಡಿತ ಮರೆಯುತ್ತಿದ್ದೆ. ಮರೆತರೆ ನನಗೇ ಅನುಕೂಲವಿತ್ತು.

ಮೈಸೂರಿನಲ್ಲಿ ಬಿ.ಎ. ಮುಗಿಸಿ, ಸರ್ಕಾರಿ ಕೆಲಸಕ್ಕೆ ಎರಡು ವರ್ಷ ಕಾದು, ಕೊನೆಗೆ ಅರಸೀಕೆರೆಯ ಒಂದು ಮೋಟಾರ್ ಕಂಪನಿಯಲ್ಲಿ ಸೆಕ್ರೆಟರಿಯಾಗಿ ಸೇರಿದ್ದೆ. ಕಂಪನಿಗೆ ಆರು ಬಸ್ಸುಗಳಿದ್ದವು. ರೈಲು ನಿಲ್ದಾಣದ ಮುಂದಿನಿಂದ ಹೊರಟು ಜಾವಗಲ್ಲು, ಹಳೇಬೀಡಿನ ಮೇಲೆ ಬೇಲೂರಿಗೆ ಹೋಗಿ ಬರುತ್ತಿದ್ದವು. ಡೈರೆಕ್ಟರುಗಳು ಮೂವರು. ಅಧ್ಯಕ್ಷರು ನಿವೃತ್ತ ಅಮಲ್ದಾರರು. ಗಂಡಸಿಯ ಹತ್ತಿರ ತೋಟ ಮಾಡಿಕೊಂಡಿದ್ದರು. ಎರಡನೆಯವರು ಊರಿನ ಕೊಬ್ಬರಿ ಮಂಡಿಯ ಧಣಿ, ಎಲ್ಲರ ಬಾಯಲ್ಲೂ "ಯಜಮಾನರು". ಮೂರನೆಯವರು ಹಾಸನದ ವಕೀಲರು. ಕಳಿಸಿದ ಕಾಗದಕ್ಕೆ ಸಹಿ ಹಾಕಿ ವಾಪಸು ಕಳಿಸುವುದೇ ಅವರ ಕೆಲಸ. ಕಂಪನಿಯ ಆಫೀಸು ಯಜಮಾನರ ಮಂಡಿಯ ಮೇಲಿನ ಕೋಣೆಯಲ್ಲಿತ್ತು. ಅಲ್ಲಿನ ಕಾಗದಗಳಿಗೂ ಕೊಬ್ಬರಿಯ ವಾಸನೆ ಹತ್ತಿರುತ್ತಿತ್ತು.

ನಮ್ಮ ಆಫೀಸಿನಲ್ಲಿ ಒಂದು ಪದ್ಧತಿ ಇತ್ತು. ಡೈರೆಕ್ಟರುಗಳ ಸಭೆಯ ನಡಾವಳಿಯನ್ನು ಸಭೆಯ ಹಿಂದಿನ ದಿನವೇ ಬರೆದಿಡುವುದು. ಅಮಲ್ದಾರರಿಗೆ ಬಂದ ಬಸ್ಸಿನಲ್ಲೇ ವಾಪಸು ಹೋಗಬೇಕು. ಹಾಗಾಗಿ ಯಜಮಾನರು ಮುನ್ನಾದಿನ ಮೆಟ್ಟಿಲು ಹತ್ತಿ ಬಂದು, "ಬರ್ಕೊಳ್ರೀ ಸೆಕ್ರೆಟರಿಗಳೇ" ಎಂದು ಏನೇನು ನಿರ್ಣಯವಾಗಬೇಕೋ ಹೇಳುತ್ತಿದ್ದರು. ಮರುದಿನ ಇಬ್ಬರೂ ಕೂತು ತೆಂಗಿನ ಫಸಲು, ಮದುವೆ ಮುಂಜಿ ಮಾತಾಡಿ, ಕಾಫಿ ಕುಡಿದು ಸಹಿ ಹಾಕುತ್ತಿದ್ದರು. ನಾನು ಬರೆದದ್ದಕ್ಕಿಂತ ಬೇರೆಯ ನಿರ್ಣಯ ಒಮ್ಮೆಯೂ ಆಗಲಿಲ್ಲ. ಅದು ನನಗೆ ಹೆಮ್ಮೆಯ ವಿಷಯವಾಗಿತ್ತು ಎಂಬುದನ್ನು ಈಗ ಒಪ್ಪಿಕೊಳ್ಳಬೇಕು. ಮುಂಚಿತವಾಗಿ ಬರೆಯುವ ಈ ಚಟ ನಡಾವಳಿಯಿಂದ ಉಳಿದ ಕಾಗದಗಳಿಗೂ ಹಬ್ಬಿತ್ತು. ಯಾವುದಾದರೂ ವಸ್ತು ಆಫೀಸಿಗೆ ಬಂದರೆ, ಪಡೆದ ರಸೀದಿಯನ್ನೂ ಹಿಂತಿರುಗಿಸಿದ ರಸೀದಿಯನ್ನೂ ಒಂದೇ ಹಾಳೆಯಲ್ಲಿ, ಒಂದೇ ಸಲ ಕೂತು ಬರೆದು ಎರಡಕ್ಕೂ ಸಹಿ ಮಾಡಿಬಿಡುತ್ತಿದ್ದೆ.

ಪೆಟ್ರೋಲು ಸಿಗದಂತಾದ ಮೇಲೆ ನಮ್ಮ ಬಸ್ಸುಗಳೆಲ್ಲ ಇದ್ದಿಲ ಗ್ಯಾಸಿನ ಮೇಲೆ ಓಡತೊಡಗಿದವು. ಹಿಂದುಗಡೆ ಒಂದು ದೊಡ್ಡ ಡ್ರಮ್ಮು. ಅದರಲ್ಲಿ ಇದ್ದಿಲು ಹೊತ್ತಿಸಿ, ಬರುವ ಗ್ಯಾಸನ್ನು ಕೊಳವೆಯಲ್ಲಿ ಇಂಜಿನ್ನಿಗೆ ಬಿಡುವುದು. ತೊಂದರೆಯೆಂದರೆ ಗ್ಯಾಸಿನ ಜೊತೆ ಮಸಿಯೂ ಹೋಗುತ್ತಿತ್ತು. ಸೋಸಲು ಕಟ್ಟಿದ ಬಟ್ಟೆ ಹತ್ತಾರು ಮೈಲಿಗೆ ಕಟ್ಟಿಕೊಳ್ಳುತ್ತಿತ್ತು. ಜಾವಗಲ್ಲು ದಾಟಿದ ಮೇಲೊಮ್ಮೆ, ಹುಲಿಕೆರೆಗೆ ದಾರಿ ಒಡೆಯುವಲ್ಲಿ ಇನ್ನೊಮ್ಮೆ ಬಸ್ಸು ನಿಲ್ಲಲೇಬೇಕು.

"ಇಳೀರಪ್ಪೋ, ಬಸ್ಸಿಗೆ ಉಬ್ಬಸ ಬಂದೈತೆ" ಎನ್ನುತ್ತಿದ್ದ ಡ್ರೈವರು.

"ಉಬ್ಬಸ ಬಂದ್ರೆ ಅದಕ್ಕೆ ಕಷಾಯ ಕುಡುಸ್ಲಾ, ನಮ್ಮನ್ಯಾಕ್ ಇಳುಸ್ತೀಯ?" ಎಂದು ಒಬ್ಬ ಅಜ್ಜಿ ಸೀಟು ಬಿಡದೆ ಕೂತದ್ದು ನೆನಪಿದೆ. "ಟಿಕೀಟು ತಗಂಡಿರಾದು ಕೂರಾಕೋ ತಳ್ಳಾಕೋ?"

"ಕೂತ್ಕಂಡೇ ತಳ್ಳು ಅಜ್ಜಿ, ಆಯ್ತದೆ."

ರೈಲು ನಿಲ್ದಾಣದ ರಸ್ತೆಯಲ್ಲಿ ತಗಡಿನ ಕೆಲಸ ಮಾಡುವ ಒಬ್ಬ ಮೇಸ್ತ್ರಿ ಇದ್ದರು. ಬಕೆಟ್ಟು, ಲಾಟೀನು, ಮಂಡಿಗಳಿಗೆ ಬೇಕಾದ ಡಬ್ಬಗಳನ್ನು ಮಾಡುತ್ತಿದ್ದರು. ಐವತ್ತರ ಆಸುಪಾಸು. ಆಗ ಅವರನ್ನು ನಾನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ. ಬರೆಯುವಾಗ ಬಹುವಚನ ಬರುತ್ತಿದೆ. ಇದೂ ನೆನಪು ಮಾಡಿದ ತಿದ್ದುಪಡಿಯೇ. ಅವರು ತಾವಾಗಿಯೇ ಒಂದು ಸೋಸುವ ಡಬ್ಬ ಮಾಡಿದರು. ಒಳಗೆ ತೆಂಗಿನ ನಾರಿನ ಪದರಗಳು: ಒರಟು ನಾರು, ಅದರ ಮೇಲೆ ನೆನೆಸಿ ಬಡಿದ ನಾರು, ಅದರ ಮೇಲೆ ಬೆರಳಲ್ಲಿ ಹಿಂಜಿ ಹತ್ತಿಯ ಹಾಗೆ ಮಾಡಿದ ನುಣುಪು ನಾರು. ಯಾವುದನ್ನು ಎಷ್ಟು ಬಿಗಿಯಾಗಿ ತುಂಬಬೇಕು ಎಂಬುದರಲ್ಲೇ ಇತ್ತು ಅವರ ಗುಟ್ಟು.

ಪರೀಕ್ಷೆಗೆಂದು ಬೇಲೂರಿನ ಬಸ್ಸಿಗೆ ಅದನ್ನು ಕೂರಿಸಿದ ಬೆಳಿಗ್ಗೆ ನಾನು ಅವರ ಅಂಗಡಿಯಲ್ಲಿದ್ದೆ. ಮೂರನೆಯ ಪದರಕ್ಕೆ ಹಿಂಜಿದ ನಾರು ಸಾಲದೆ ಹೋಯಿತು. ಬಸ್ಸು ಹೊರಡುವ ಹೊತ್ತಾಗಿತ್ತು. ಮೇಸ್ತ್ರಿ ತಾವು ಕೂತಿದ್ದ ಕಂಬಳಿಯ ಒಂದು ಮೂಲೆಯನ್ನು ತಗಡಿನ ಕತ್ತರಿಯಲ್ಲೇ ಕತ್ತರಿಸಿದರು. ಕರಿ ಕಂಬಳಿ, ಕೆಂಪು ಅಂಚು.

"ಇವತ್ತಿಗೆ ನಮ್ಮವ್ವನ ಕಂಬ್ಳಿ ಕೆಲ್ಸ ಮಾಡ್ಲಿ ಬುಡಿ ಸ್ವಾಮಿ" ಎಂದರು. "ಕಂಬ್ಳಿ ನಾಕ್ ದಿನ ತಡ್ದೀತು, ಆಮೇಲೆ ಸುಟ್ಟೋಯ್ತದೆ. ಆಮ್ಯಾಕೆ ನಾರು ತುಂಬ್ತೀನಿ."

ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು. ಇದು ನನಗೆ ಚೆನ್ನಾಗಿ ನೆನಪಿದೆ; ನೆನಪನ್ನು ನಂಬದೆ ದಿನಚರಿ ತೆಗೆದು ನೋಡಿದ್ದೇನೆ. "ನಾರು ಸಾಲದೆ ತಾಯಿಯ ಕಂಬಳಿ ಕತ್ತರಿಸಿ ತುಂಬಿದ" ಎಂದಿದೆ. ಆಮೇಲೆ ನಾನೇ ಸೇರಿಸಿದ ಸಾಲಿರಬಹುದೇ ಎಂದು ಶಾಯಿಯನ್ನೂ ನೋಡಿದೆ. ಮೇಲಿನ ಕೆಳಗಿನ ಸಾಲುಗಳದ್ದೇ ಶಾಯಿ.

ಅಂದು ನಾನೂ ಹತ್ತಿದ್ದ ಆ ಬಸ್ಸು ಎಲ್ಲೂ ಕೆಮ್ಮದೆ ಬೇಲೂರು ಮುಟ್ಟಿತು. ದೇವಸ್ಥಾನದ ಮುಂದೆ ಡ್ರೈವರು ಕೊಳವೆ ಬಿಚ್ಚಿ, ಒಳಗೆ ಬೆರಳಾಡಿಸಿ, ಆ ಬೆರಳನ್ನು ನನ್ನ ಮೂಗಿನ ಹತ್ತಿರ ಹಿಡಿದ. "ನೋಡಿ ಸ್ವಾಮಿ, ಅಣೆಗೆ ಇಟ್ಕಳಾಕೂ ಮಸಿ ಇಲ್ಲ."

ಮರುದಿನ ಸೋಮವಾರ ಸಭೆ. ಆರು ಬಸ್ಸಿಗೂ ಈ ಡಬ್ಬ ಬೇಕು ಎಂದು ನಾನು ಹೇಳಿದೆ. ಅಮಲ್ದಾರರು ತಲೆದೂಗಿದರು. ಯಜಮಾನರು, "ಮೂರು ದಿನ ಆಫೀಸಲ್ಲಿ ಇಟ್ಟು ಹೋಗ್ಲಿ, ನೋಡೋಣ. ಹೊರಗಿನೋರ ಸಾಮಾನು, ವಿಚಾರ ಮಾಡ್ದೆ ತಗೊಳ್ಳೋಕಾಗುತ್ತಾ?" ಎಂದರು. ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಮೇಸ್ತ್ರಿಗೆ ಡಬ್ಬ ಬಿಟ್ಟುಹೋಗಲು ಮನಸ್ಸಿರಲಿಲ್ಲ. ಬಸ್ಸಿನಿಂದ ಬಿಚ್ಚಿದ್ದನ್ನೇ, ಒಳಗಿನದು ಹಾಗೇ ಇರಲು ಬಿಟ್ಟು, ಮುಚ್ಚಳಕ್ಕೆ ನಾಲ್ಕು ಕಡೆ ಬೆಸುಗೆ ಹಾಕಿ ತಂದಿದ್ದರು.

"ನೋಡಾದಾದ್ರೆ ಹೊರಗಿಂದ ನೋಡ್ಲಿ. ಬಸ್ಸಿಗೆ ಕಟ್ಟಿ ಓಡುಸ್ಲಿ. ಬಿಚ್ಚಬ್ಯಾಡಿ ಸ್ವಾಮಿ. ಒಳಗಿರಾದೇ ನನ್ ಅನ್ನ."

"ಬೀರುವಿನಲ್ಲಿ ಇಟ್ಟು ಬೀಗ ಹಾಕ್ತೀನಿ. ಬೀಗದ ಕೈ ನನ್ನ ಹತ್ರಾನೇ ಇರುತ್ತೆ."

"ನೀವು ಓದ್ದೋರು. ನಿಮ್ಮಾತೇ ಸಾಕು" ಎಂದು ರಸೀದಿಯ ಮೇಲ್ಭಾಗಕ್ಕೆ ಹೆಬ್ಬೆಟ್ಟು ಒತ್ತಿದರು. ಅದೇ ಹಾಳೆಯ ಕೆಳಭಾಗದಲ್ಲಿ ನಾನು ಆಗಲೇ ಬರೆದಿದ್ದೆ: "ಮೇಲ್ಕಂಡ ಡಬ್ಬವನ್ನು ತೆರೆಯದೆ ಹಿಂತಿರುಗಿಸಿದೆ." ನನ್ನ ಸಹಿಯೂ ಬಿದ್ದಿತ್ತು.

ಆಮೇಲೆ ಬಂದದ್ದು ಬುಧವಾರ. ಷೇರಿನ ರಿಜಿಸ್ಟರು ನೋಡಬೇಕೆಂದು ಯಜಮಾನರು ಬೀಗದ ಕೈ ಕೇಳಿದರು. ಅದುವರೆಗೆ ಅವರು ಆ ರಿಜಿಸ್ಟರು ಕೇಳಿದ್ದನ್ನು ನಾನು ಕಂಡಿರಲಿಲ್ಲ. ತೆಗೆದುಕೊಟ್ಟು ಮತ್ತೆ ಬೀಗ ಹಾಕಬಹುದಿತ್ತು. ಕೊಟ್ಟೆ, ಊಟಕ್ಕೆ ಹೋದೆ. ಆ ವಾರ ನಮ್ಮ ಮನೆಗೆ ಅವರ ತೋಟದಿಂದ ಒಂದು ಗೊನೆ ಎಳನೀರು ಬಂದಿತ್ತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಆಗ ಅಂದುಕೊಂಡೆನೋ, ಸಂಬಂಧದ ಯೋಚನೆಯೇ ಬರಲಿಲ್ಲವೋ, ಅಥವಾ ಬಂದ ಯೋಚನೆಯನ್ನು ಊಟದ ಜೊತೆ ನುಂಗಿದೆನೋ, ದಿನಚರಿ ಹೇಳುವುದಿಲ್ಲ.

ಗುರುವಾರ ಮೇಸ್ತ್ರಿ ಬಂದು ಡಬ್ಬವನ್ನು ಕಿಟಕಿಯ ಹತ್ತಿರ ಒಯ್ದರು. ಬೆಸುಗೆಯ ಮೇಲೆ ಉಗುರಾಡಿಸಿದರು.

"ಇದು ನಾನಾಕಿದ್ ಬೆಸುಗೆ ಅಲ್ಲ ಸ್ವಾಮಿ. ಹೊಸ್ದಂಗೆ ಹೊಳೀತೈತೆ."

"ಬೆಳಕಿಗೆ ಹಾಗೆ ಕಾಣುತ್ತೆ ಮೇಸ್ತ್ರಿ."

"ಮೂರು ದಿನುದ್ ಕೆಳಗೂ ಇದೇ ಬೆಳ್ಕಿತ್ತು." ರಸೀದಿಯ ಕೆಳಭಾಗಕ್ಕೆ ಹೆಬ್ಬೆಟ್ಟು ಒತ್ತಲು ಅವರು ಒಪ್ಪಲಿಲ್ಲ. "ಡಬ್ಬ ನಿಮ್ಮತ್ರ ಇದ್ದಾಗ ಯಾರೋ ಬಿಚ್ಚವ್ರೆ ಅಂತ ಒಂದು ಕಾಗ್ದ ಬರ್ಕೊಡಿ. ನಾಳೆ ಇನ್ನೊಬ್ಬ ಇಂಥದ್ದೇ ತಂದ್ರೆ ತೋರ್ಸಾಕೆ ನಂಗೊಂದು ಆಧಾರ ಬ್ಯಾಡ್ವಾ?"

"ನಾನು ಕಣ್ಣಾರೆ ಕಾಣದ್ದನ್ನು ಬರೆಯೋಕಾಗೋಲ್ಲ" ಎಂದೆ.

ಆ ಮಾತು ನನಗೆ ಬಹಳ ಹಿಡಿಸಿತ್ತು. ಅಂದು ಸಂಜೆ ದಿನಚರಿಯಲ್ಲೂ ಬರೆದುಕೊಂಡಿದ್ದೇನೆ. ತೆರೆಯದೆ ಹಿಂತಿರುಗಿಸಿದ್ದನ್ನಾದರೂ ನಾನು ಎಲ್ಲಿ ಕಂಡಿದ್ದೆ ಎಂಬ ಪ್ರಶ್ನೆ ಆ ಪುಟದಲ್ಲಿಲ್ಲ. ಬೆಸುಗೆ ನಿಜವಾಗಿಯೂ ಹೊಳೆಯುತ್ತಿತ್ತೇ? ಹೊಳೆಯುತ್ತಿತ್ತೆಂದೇ ಈಗ ಕಾಣುತ್ತದೆ. ಮೇಸ್ತ್ರಿ ಹೇಳಿದ ಮೇಲೆ ಹೊಳೆಯತೊಡಗಿದ್ದೂ ಇರಬಹುದು.

ಮೂರು ವಾರ ಕಳೆದಿರಬೇಕು. ಪಕ್ಕದ ತಾಲ್ಲೂಕಿನ ಒಂದು ವರ್ಕ್‌ಷಾಪಿನಿಂದ ಕಂಪನಿಗೆ ಕಾಗದ ಬಂತು. ಇದ್ದಿಲ ಬಸ್ಸುಗಳಿಗೆ ತಾವು ಹೊಸದಾಗಿ ಕಂಡುಹಿಡಿದ ಸೋಸುವ ಡಬ್ಬವನ್ನು ಆರು ಬಸ್ಸಿಗೂ ಕೂರಿಸಿಕೊಡುತ್ತೇವೆ ಎಂದು. ಆ ವರ್ಕ್‌ಷಾಪು ಯಜಮಾನರ ಅಳಿಯನದು. ನನಗೆ ಅದು ಗೊತ್ತಿದ್ದದ್ದು ಕಾಗದಗಳಿಂದಲ್ಲ, ಆ ಮದುವೆಯ ಊಟ ಮಾಡಿದ್ದರಿಂದ. ಆ ಮದುವೆಯ ಹೊತ್ತಿಗೆ ಅಮಲ್ದಾರರು ಕಾಶಿಗೆ ಹೋಗಿದ್ದರು, ಅವರಿಗೆ ಗೊತ್ತಿರಲಿಲ್ಲ. ಡೈರೆಕ್ಟರೊಬ್ಬರ ಮನೆಯವರೇ ಕಂಪನಿಯ ಕೆಲಸ ಹಿಡಿಯುವುದಾದರೆ ಅದನ್ನು ಅವರು ಸಭೆಯಲ್ಲಿ ಬಾಯಿಬಿಟ್ಟು ಹೇಳಬೇಕು, ಆ ನಿರ್ಣಯದಿಂದ ದೂರ ಇರಬೇಕು. ಕೆಲಸಕ್ಕೆ ಸೇರಿದಾಗ ಕಾನೂನಿನ ಪುಸ್ತಕದಲ್ಲಿ ಅದಕ್ಕೆ ನಾನೇ ಗೆರೆ ಎಳೆದಿದ್ದೆ. ಗೆರೆ ಎಳೆದದ್ದನ್ನು ಬಿಟ್ಟರೆ ಮತ್ತೇನೂ ಮಾಡಿರಲಿಲ್ಲ.

ಯಜಮಾನರು ಮೆಟ್ಟಿಲು ಹತ್ತಿ ಬಂದರು. "ಬರ್ಕೊಳ್ರೀ. ವರ್ಕ್‌ಷಾಪಿನೋರ ಕಾಗದ ಓದಲಾಯಿತು, ವಿಚಾರ ಮಾಡಲಾಯಿತು, ಸರ್ವಾನುಮತದಿಂದ ಒಪ್ಪಲಾಯಿತು."

"ಮೇಸ್ತ್ರಿಯ ಡಬ್ಬ?"

"ಅವನದೂ ಒಂದು ಡಬ್ಬ, ಇವರದೂ ಒಂದು ಡಬ್ಬ. ಇವರದು ವರ್ಕ್‌ಷಾಪು ಕಣ್ರೀ, ಅವನದು ಜಗುಲಿ."

ಬರೆದೆ. ಕಾಗದದ ಜೊತೆ ಒಂದು ಪಟ್ಟಿ ಇತ್ತು, ಡಬ್ಬದೊಳಗೆ ಏನೇನು ತುಂಬಬೇಕೆಂದು. "ಒರಟು ನಾರು ಒಂದು ಪದರ. ಬಡಿದ ನಾರು ಒಂದು ಪದರ. ಹಿಂಜಿದ ನಾರು ಅರ್ಧ ಪದರ. ಕೆಂಪು ಅಂಚಿನ ಕರಿ ಕಂಬಳಿ ತುಂಡು ಒಂದು." ಮೊದಲು ನಗು ಬಂತು. ತೆರೆದು ನೋಡಿದವನಿಗೆ ಯಾವುದು ಗುಟ್ಟು, ಯಾವುದು ಪೇಚಾಟ ಎಂದು ತಿಳಿದಿರಲಿಲ್ಲ. ಅಂಚನ್ನೂ ಬಿಡದೆ ಬರೆದುಕೊಂಡಿದ್ದ. ನಗು ನಿಂತ ಮೇಲೆ ಆ ಸಾಲನ್ನು ಮತ್ತೊಮ್ಮೆ ಓದಿದೆ. ಇನ್ನು ನೆನಪು ಸರಿಯಿಲ್ಲ ಎಂದು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ಆ ಪಟ್ಟಿಯನ್ನು ಓದಿದ್ದು ನಡಾವಳಿ ಬರೆಯುವ ಮುಂಚೆಯೋ ಬರೆದ ಮೇಲೋ? ಬರೆದ ಮೇಲೆ ಎಂದು ಬಹಳ ವರ್ಷ ಹೇಳಿಕೊಂಡು ಬಂದಿದ್ದೇನೆ. ಓದಿದ ಮೇಲೂ ಬರೆದೆ ಎಂದೇ ಈಗ ನನ್ನ ಅನುಮಾನ.

ಮನೆಯಲ್ಲಿ ಹೆಂಡತಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು.

"ಅವರೇ ಬಿಚ್ಚಿದ್ದು ಅಂತ ನೀವು ನೋಡಿದ್ರಾ?"

"ಇಲ್ಲ."

"ಬೀಗದ ಕೈ ಕೊಟ್ಟದ್ದು ನೋಡಿದ್ರಲ್ಲ. ಅಷ್ಟು ಹೇಳಿ ಸಾಕು." ಒಂದು ಕಲ್ಲು ಹೆಕ್ಕಿ ಎಸೆದು, "ಎಳನೀರು ಎಲ್ಲಾ ಖರ್ಚಾಯ್ತಲ್ಲಾ. ವಾಪಸು ಕಳಿಸೋಣ ಅಂದ್ರೆ ಬುರುಡೆ ಮಾತ್ರ ಉಳಿದಿದೆ" ಎಂದಳು.

ಮರುದಿನ ಸಭೆ. ಅಮಲ್ದಾರರು ಕೋಟಿನ ಗುಂಡಿ ಬಿಚ್ಚಿ ಕೂತು, ಕಾಫಿ ಕುಡಿದು, ಪೆನ್ನಿನ ಮುಚ್ಚಳ ತೆಗೆದರು. ನಾನು ನಡಾವಳಿ ಪುಸ್ತಕವನ್ನು ಅವರ ಕಡೆ ಸರಿಸದೆ ಆ ಪಟ್ಟಿಯನ್ನು ಓದಿ ಹೇಳಿದೆ.

"ಕಂಬಳಿ ಯಾಕೆ?" ಎಂದರು ಅಮಲ್ದಾರರು.

"ಕಂಬಳಿ ಬಿಸಿ ತಡೀತದೆ" ಎಂದರು ಯಜಮಾನರು.

"ಸರಿ. ಕೆಂಪು ಅಂಚು ಯಾಕಯ್ಯಾ ಬೇಕು ಹೊಗೆ ಸೋಸೋಕೆ?"

ಯಜಮಾನರು ಪಟ್ಟಿಯನ್ನು ಕೈಗೆ ತೆಗೆದುಕೊಂಡು ಅಂಚಿನ ಸಾಲನ್ನು ಈಗತಾನೇ ಕಂಡವರ ಹಾಗೆ ನೋಡಿದರು. ಅವರಿಗೂ ಅದು ಹೊಸದೇ ಇದ್ದಿರಬಹುದು. ಪಟ್ಟಿ ಮಾಡಿದವನು ಅಳಿಯನೋ ಅವನ ಕೈಕೆಳಗಿನವನೋ. ಡಬ್ಬ ಬಿಚ್ಚಿದ ಕೈ ಯಾರದೆಂದು ನನಗೆ ಇವತ್ತಿಗೂ ತಿಳಿಯದು.

ನಾನು ಕಂಬಳಿಯ ಕಥೆ ಹೇಳಿದೆ. ವರ್ಕ್‌ಷಾಪು ಅಳಿಯಂದಿರದು ಎಂಬುದನ್ನೂ ಹೇಳಿದೆ. ಅಮಲ್ದಾರರು ಯಜಮಾನರ ಕಡೆ ತಿರುಗಿ, "ಹೌದೇನಯ್ಯಾ?" ಎಂದರು.

"ಅಳಿಯ ಆದ್ರೆ ಬದುಕಬಾರ್ದಾ?" ಯಜಮಾನರ ದನಿ ಏರಲಿಲ್ಲ. "ಕಂಬ್ಳಿ ಯಾರ ಮನೇಲಿಲ್ಲ? ಇವರು ಇಷ್ಟೆಲ್ಲಾ ಹೇಳ್ತಾರಲ್ಲ, ಡಬ್ಬ ತೆರೆದಿಲ್ಲ ಅಂತ ಬರೆದು ಸಹಿ ಹಾಕಿದೋರು ಇವರೇ. ತೆಗೀರಿ ಆ ರಸೀದಿ."

ತೆಗೆದೆ. ಅಮಲ್ದಾರರು ಓದಿದರು. "ನಿಮ್ಮ ಕೈಬರಹವೇ ಅಲ್ವೇನ್ರೀ?"

ಸಹಿ ನನ್ನದು. ಆ ಹಾಳೆಯ ಪ್ರಕಾರ ಮೇಸ್ತ್ರಿ ಸುಳ್ಳುಗಾರರು.

"ಅದನ್ನು ನಾನು ಸೋಮವಾರವೇ ಬರೆದದ್ದು" ಎಂದೆ. "ಹಿಂತಿರುಗಿಸಿದ್ದು ಗುರುವಾರ. ಬುಧವಾರ ಬೀಗದ ಕೈ ಯಜಮಾನರಿಗೆ ಕೊಟ್ಟಿದ್ದೆ."

"ಆಗೋ ಮುಂಚೆ ಬರೆಯೋದು ನಿಮ್ಮ ಅಭ್ಯಾಸವೋ?"

"ಹೌದು ಸ್ವಾಮಿ. ಈಗ ತಾವು ಸಹಿ ಹಾಕಬೇಕಾಗಿರೋ ನಡಾವಳಿಯನ್ನೂ ನಿನ್ನೆಯೇ ಬರೆದಿದ್ದೀನಿ. ಸರ್ವಾನುಮತ ಅಂತ."

ಅಮಲ್ದಾರರು ಪುಸ್ತಕ ಎಳೆದುಕೊಂಡು ಓದಿದರು. ಹಿಂದಿನ ಪುಟ ತಿರುವಿದರು, ಅದರ ಹಿಂದಿನದನ್ನೂ ತಿರುವಿದರು. ಎಲ್ಲದರ ಕೆಳಗೂ ಅವರದೇ ಸಹಿ. ಪೆನ್ನಿನ ಮುಚ್ಚಳ ಹಾಕಿದರು.

"ಈ ಪುಟ ಹೊಡೆದುಹಾಕಿ. ಯಜಮಾನರೇ, ಈ ವಿಷಯದಲ್ಲಿ ನೀವು ಮಾತಾಡೋ ಹಾಗಿಲ್ಲ. ವಕೀಲರಿಗೆ ನಾನೇ ಬರೀತೀನಿ. ಆ ಮೇಸ್ತ್ರೀನ ಕರೆಸಿ, ಅವನ ಎದುರಿಗೇ ಮಾತಾಗಲಿ. ಮಾತಾದ ಮೇಲೆ ಬರೀರಿ, ಅರ್ಥ ಆಯ್ತೇ?"

ಇದು ನ್ಯಾಯಕ್ಕಾಗಿ ಆಡಿದ ಮಾತೋ, ಆ ಸಹಿಗಳ ಭಯಕ್ಕೋ, ನಾನು ತೀರ್ಮಾನ ಮಾಡಲಾರೆ. ನನ್ನ ಮಾತೂ ಎಷ್ಟರಮಟ್ಟಿಗೆ ಮೇಸ್ತ್ರಿಗಾಗಿ, ಎಷ್ಟರಮಟ್ಟಿಗೆ ಯಜಮಾನರು ಆ ರಸೀದಿಯನ್ನು ನನ್ನ ಮೇಲೇ ತಿರುಗಿಸಿದ ಸಿಟ್ಟಿಗೆ, ಅದನ್ನೂ ವಿಂಗಡಿಸಲಾರೆ. ಕೊನೆಗೆ ಆರು ಬಸ್ಸಿಗೂ ಮೇಸ್ತ್ರಿಯ ಡಬ್ಬವೇ ಬಂತು. ಯಜಮಾನರು ಡೈರೆಕ್ಟರಾಗಿಯೇ ಉಳಿದರು. ನನ್ನನ್ನು ಮೊದಲಿನಂತೆಯೇ ನಗುನಗುತ್ತಾ ಮಾತಾಡಿಸುತ್ತಿದ್ದರು. ಆ ನಗುವಿನ ಕೆಳಗೆ ಕೂತು ಇನ್ನೂ ಎರಡು ವರ್ಷ ಕೆಲಸ ಮಾಡಿದೆ. ಆದರೆ ಅದೆಲ್ಲ ಆಮೇಲಿನ ಮಾತು. ಆ ಮಧ್ಯಾಹ್ನ ಮೇಸ್ತ್ರಿಯನ್ನು ಕರೆತರುವುದೇ ಕಷ್ಟವಾಯಿತು.

ನಾನೇ ಅಂಗಡಿಗೆ ಹೋದೆ. ಮೇಸ್ತ್ರಿ ಒಂದು ಲಾಟೀನಿನ ತಳ ತಟ್ಟುತ್ತಿದ್ದರು. ಮೂಲೆ ಇಲ್ಲದ ಕಂಬಳಿಯ ಮೇಲೆ ಕೂತಿದ್ದರು.

"ನಾನ್ಯಾಕ್ ಬರ್ಲಿ ಸ್ವಾಮಿ? ಒಂದ್ಸಲ ಬಂದು ಡಬ್ಬ ಮಡಗಿ ಬಂದಿದ್ದಕ್ಕೇ ಸಾಕಾಗೈತೆ. ಕಾಗ್ದ ಕೇಳಿದ್ನಲ್ಲ, ಅದೇನಾಯ್ತು?"

ಜೇಬಿನಿಂದ ಹಾಳೆ ತೆಗೆದು, ಅವರ ಕಣ್ಣೆದುರೇ ಮೊಣಕಾಲಿನ ಮೇಲಿಟ್ಟು ಬರೆದೆ. "ಈ ಮೇಸ್ತ್ರಿಯ ಡಬ್ಬವನ್ನು ಕಂಪನಿಯ ವಶದಲ್ಲಿದ್ದಾಗ ತೆರೆಯಲಾಗಿದೆ. ಬೀಗದ ಕೈಯನ್ನು ನಾನು ಬೇರೆಯವರಿಗೆ ಕೊಟ್ಟಿದ್ದೆ. ತೆರೆಯದೆ ಹಿಂತಿರುಗಿಸಿದೆ ಎಂಬ ನನ್ನ ರಸೀದಿ ಸುಳ್ಳು." ಸಹಿ ಹಾಕಿ, ಓದಿ ಹೇಳಿದೆ.

ಅವರು ಹಾಳೆ ತೆಗೆದುಕೊಂಡು ಅಕ್ಷರಗಳ ಮೇಲೆ ಕಣ್ಣಾಡಿಸಿದರು. ಅವರಿಗೆ ಓದು ಬರುತ್ತಿರಲಿಲ್ಲ.

"ಕುಂತಿರಿ, ಬತ್ತೀನಿ" ಎಂದು ಎದ್ದರು.

"ಎಲ್ಲಿಗೆ?"

"ಟೇಸನ್ನಿನ ಗುಮಾಸ್ತರತ್ರ ಓದುಸ್ಕಂಬತ್ತೀನಿ." ಒಂದು ಹೆಜ್ಜೆ ಹೋಗಿ ತಿರುಗಿದರು. "ಬೇಜಾರ್ ಮಾಡ್ಕಬ್ಯಾಡಿ. ಹೋದ್ಸಲಾನೂ ನೀವೇ ಓದಿ ಹೇಳಿದ್ದು."

ಹೌದು, ಹೋದ ಸಲ ಮೇಲ್ಭಾಗವನ್ನಷ್ಟೇ ಓದಿ ಹೇಳಿದ್ದೆ. ಕೆಳಭಾಗದಲ್ಲಿ ಏನು ಬರೆದಿದ್ದೆ ಎಂದು ಅವರಿಗೆ ಗೊತ್ತಾದದ್ದು ಗುರುವಾರ.

ಅವರು ಬರುವವರೆಗೆ ಆ ಕಂಬಳಿಯ ಪಕ್ಕದಲ್ಲಿ ಕೂತಿದ್ದೆ. ಬೇಲೂರಿಗೆ ಹೋಗುವ ಬಸ್ಸು ರಸ್ತೆಯ ತುಂಬ ಹೊಗೆ ಬಿಟ್ಟುಕೊಂಡು ಹೊರಟಿತು. ಗುಮಾಸ್ತರು ಏನಾದರೂ ತಪ್ಪು ಓದಿಬಿಟ್ಟರೆ ಎಂದು ನನಗೆ ದಿಗಿಲಾಯಿತು.

"ಅವ್ರೂ ಅಂಗೇ ಓದುದ್ರು" ಎಂದರು ಮೇಸ್ತ್ರಿ ಬಂದವರೇ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಸಣ್ಣ ತಗಡಿನ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಹೊಸದಾಗಿ ನಾರು ತುಂಬಿದ ಸೋಸುವ ಡಬ್ಬವನ್ನು ಕಂಕುಳಲ್ಲಿ ಇಟ್ಟುಕೊಂಡರು. "ನಡೀರಿ, ಈಗ್ ಬತ್ತೀನಿ."

ಮಂಡಿಯ ಮೆಟ್ಟಿಲು ಕಡಿದಾಗಿತ್ತು. ಹತ್ತುವಾಗ ಅವರಿಗೆ ಏದುಸಿರು ಬಂತು. ಡಬ್ಬ ನಾನು ಹಿಡಿದುಕೊಳ್ಳುತ್ತೇನೆ ಎಂದು ಕೈ ಚಾಚಿದೆ.

ಅವರು ಅದನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡರು.